ನಮ್ಮ ಮನೆಗೆ ಯಾವ ಕಾನೂನು? ಯುಎಇಗೆ ಹೊಸದಾಗಿ ಬಂದ ಕನ್ನಡ ಕುಟುಂಬಗಳಿಗೆ ಮಾರ್ಗದರ್ಶಿ

ಯುಎಇಗೆ ಬಂದಿಳಿದ ಮೊದಲ ತಿಂಗಳುಗಳು ಎಮಿರೇಟ್ಸ್ ಐಡಿ, ಬಾಡಿಗೆ ಕರಾರು, ಮಕ್ಕಳ ಶಾಲೆ ಎಂಬ ಓಡಾಟದಲ್ಲೇ ಕಳೆದುಹೋಗುತ್ತವೆ. ಮದುವೆ, ವಿಚ್ಛೇದನ, ಮಕ್ಕಳ ಪಾಲನೆ, ಉತ್ತರಾಧಿಕಾರ ಇವುಗಳಿಗೆ ಇಲ್ಲಿ ತಮಗೆ ಯಾವ ಕಾನೂನು ಅನ್ವಯಿಸುತ್ತದೆಂಬ ಪ್ರಶ್ನೆ ಆಗ ಯಾರ ಮನಸ್ಸಿಗೂ ಬರುವುದಿಲ್ಲ. ಬರುವ ಹೊತ್ತಿಗೆ ಮನೆಯಲ್ಲಿ ಜಗಳವೋ ಸಾವೋ ಸಂಭವಿಸಿರುತ್ತದೆ. ಆದ್ದರಿಂದ ಮನೆ ನೆಮ್ಮದಿಯಾಗಿರುವಾಗಲೇ ಗಂಡ ಹೆಂಡತಿ ಇಬ್ಬರೂ ಕುಳಿತು ಇದನ್ನು ಓದಬೇಕೆಂದು, ಅದರಲ್ಲೂ ಪತಿಯ ವೀಸಾದ ಮೇಲೆ ಬಂದಿರುವ ಸಹೋದರಿಯರು ತಪ್ಪದೆ ಓದಬೇಕೆಂದು ಸಂಘದ ಕಳಕಳಿಯ ವಿನಂತಿ.

ಮಹಿಳೆಯರ ವಿರುದ್ಧದ ಎಲ್ಲ ಬಗೆಯ ತಾರತಮ್ಯವನ್ನು ನಿವಾರಿಸುವ ವಿಶ್ವಸಂಸ್ಥೆಯ ಒಡಂಬಡಿಕೆ 1979ರಲ್ಲಿ ಅಂಗೀಕಾರವಾಯಿತು. ಯುಎಇ ಅದನ್ನು 2004ರಲ್ಲಿ ಸೇರಿತಾದರೂ ಕೆಲವು ವಿಧಿಗಳಿಗೆ ಷರತ್ತು ಹಾಕಿತು. ಮದುವೆ ಮತ್ತು ಕುಟುಂಬವನ್ನು ಕುರಿತ 16ನೆಯ ವಿಧಿಯನ್ನು ಶರೀಅತ್ತಿನ ತತ್ವಗಳಿಗೆ ವಿರುದ್ಧವಾಗದಷ್ಟು ಮಟ್ಟಿಗೆ ಮಾತ್ರ ಪಾಲಿಸುವುದಾಗಿ ಅದು ತಿಳಿಸಿತು. ಮಹರ್ (ನಿಕಾಹ್‌ನಲ್ಲಿ ಗಂಡು ಹೆಣ್ಣಿಗೆ ಕೊಡಬೇಕಾದ ಧನ) ಕೊಡುವುದೂ ವಿಚ್ಛೇದನದ ನಂತರ ಜೀವನಾಂಶ ಕೊಡುವುದೂ ಗಂಡನ ಹೊಣೆಯಾಗಿದ್ದು, ಹೆಂಡತಿ ತನ್ನ ಆಸ್ತಿಯಿಂದ ಮನೆಯ ಖರ್ಚನ್ನು ಭರಿಸಬೇಕಿಲ್ಲ ಎಂಬುದು ಅದು ಕೊಟ್ಟ ಸಮರ್ಥನೆ. ಇದನ್ನು ಓದಿ ಹುಬ್ಬೇರಿಸುವ ಮುನ್ನ ನೆನಪಿಡಬೇಕಾದ ಸಂಗತಿಯೊಂದಿದೆ. 1993ರಲ್ಲಿ ಒಡಂಬಡಿಕೆಯನ್ನು ಅನುಮೋದಿಸಿದ ಭಾರತವೂ ಯಾವುದೇ ಸಮುದಾಯದ ವೈಯಕ್ತಿಕ ವಿಷಯಗಳಲ್ಲಿ ಆ ಸಮುದಾಯದ ಒಪ್ಪಿಗೆಯಿಲ್ಲದೆ ಕೈಹಾಕುವುದಿಲ್ಲವೆಂದು ಇದೇ 16ನೆಯ ವಿಧಿಯ ಬಗ್ಗೆ ಘೋಷಣೆ ಮಾಡಿಕೊಂಡಿದೆ. ಇತ್ತ ಮೊರಾಕ್ಕೊ ಮತ್ತು ಟ್ಯುನೀಷಿಯಾ ತಮ್ಮ ಷರತ್ತುಗಳಲ್ಲಿ ಹಲವನ್ನು ಹಿಂತೆಗೆದುಕೊಂಡಿವೆ. ಶರೀಅತ್ತನ್ನು ಮುಸ್ಲಿಂ ದೇಶಗಳೆಲ್ಲ ಒಂದೇ ರೀತಿ ಅರ್ಥೈಸುವುದಿಲ್ಲ. ನಮ್ಮ ಮಟ್ಟಿಗೆ ತಿಳಿಯಬೇಕಾದದ್ದು ಇಷ್ಟು: ಇಲ್ಲಿನ ಕುಟುಂಬ ನ್ಯಾಯಾಲಯದಲ್ಲಿ ನಮ್ಮ ಕೈಹಿಡಿಯುವುದು ಒಡಂಬಡಿಕೆಗಿಂತ ಹೆಚ್ಚಾಗಿ ದೇಶದೊಳಗಿನ ಕಾಯ್ದೆ, ಮತ್ತು ಅದು ಈಚಿನ ವರ್ಷಗಳಲ್ಲಿ ಬಹಳ ಬದಲಾಗಿದೆ.

ಮುಸ್ಲಿಮೇತರರಿಗಾಗಿ ಅಬುಧಾಬಿಯಲ್ಲಿ 2021ರಲ್ಲಿ ಪ್ರತ್ಯೇಕ ನಾಗರಿಕ ಕುಟುಂಬ ಕಾನೂನು ಬಂತು. ಇಡೀ ಒಕ್ಕೂಟಕ್ಕೆ ಅನ್ವಯಿಸುವ ಅಂಥದೇ ಕಾನೂನು 2023ರ ಫೆಬ್ರವರಿ 1ರಿಂದ ಜಾರಿಯಲ್ಲಿದೆ. ಇದರ ಪ್ರಕಾರ ಹೆಣ್ಣಿನ ಸಾಕ್ಷ್ಯಕ್ಕೂ ಗಂಡಿನ ಸಾಕ್ಷ್ಯಕ್ಕೂ ಸಮಾನ ಬೆಲೆಯಿದೆ, ದಂಪತಿಗಳಲ್ಲಿ ಯಾರೇ ಆಗಲಿ ಇನ್ನೊಬ್ಬರ ತಪ್ಪನ್ನು ಸಾಬೀತುಪಡಿಸದೆಯೇ ವಿಚ್ಛೇದನ ಕೇಳಬಹುದು, ಮಕ್ಕಳ ಪಾಲನೆ ಸಾಮಾನ್ಯವಾಗಿ ತಂದೆ ತಾಯಿ ಇಬ್ಬರದೂ ಆಗಿರುತ್ತದೆ. ಆದರೆ ದಂಪತಿಗಳಲ್ಲಿ ಒಬ್ಬರು ತಮ್ಮ ತಾಯ್ನಾಡಿನ ಕಾನೂನೇ ಅನ್ವಯವಾಗಲೆಂದು ಕೇಳುವುದಕ್ಕೂ ಅವಕಾಶವಿದೆ.

ನಮ್ಮವರು ಎಡವುವುದು ಇಲ್ಲಿಯೇ. ಇಲ್ಲಿ ಸುಲಭವಾಗಿ ಸಿಕ್ಕ ವಿಚ್ಛೇದನ ಊರಿನಲ್ಲಿಯೂ ನಡೆಯುತ್ತದೆಂದು ಅವರು ಭಾವಿಸುತ್ತಾರೆ. 2020ರ ಜನವರಿಯಲ್ಲಿ ಭಾರತ ಸರ್ಕಾರ ಯುಎಇಯನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನಡಿ ಸೇರಿಸಿದ್ದರಿಂದ ಇಲ್ಲಿನ ನ್ಯಾಯಾಲಯಗಳ ಹಣ ಪಾವತಿಯ ತೀರ್ಪುಗಳನ್ನು (ಡಿಕ್ರಿ) ಅಲ್ಲಿನ ಜಿಲ್ಲಾ ನ್ಯಾಯಾಲಯದಲ್ಲಿ ನೇರವಾಗಿ ಜಾರಿ ಮಾಡಿಸಬಹುದು ನಿಜ. ಆದರೆ ವಿದೇಶಿ ವಿಚ್ಛೇದನದ ಬಗ್ಗೆ ನಮ್ಮ ಸುಪ್ರೀಂ ಕೋರ್ಟ್ 1991ರಲ್ಲಿಯೇ ಬಿಗಿಯಾದ ನಿಯಮ ಹಾಕಿಕೊಟ್ಟಿದೆ: ಆ ವಿಚ್ಛೇದನಕ್ಕೆ ದಂಪತಿಯ ಮದುವೆಗೆ ಅನ್ವಯಿಸುವ ಕಾನೂನಿನಲ್ಲಿರುವ ಕಾರಣವೇ ಆಧಾರವಾಗಿರಬೇಕು, ಇಲ್ಲವೇ ಇಬ್ಬರೂ ಸ್ವಇಚ್ಛೆಯಿಂದ ಆ ನ್ಯಾಯಾಲಯಕ್ಕೆ ಒಳಪಟ್ಟು ಬಿಡುಗಡೆಗೆ ಒಪ್ಪಿರಬೇಕು. ಹಿಂದೂ ವಿವಾಹ ಕಾಯ್ದೆಯಡಿ ಮದುವೆಯಾದ ದಂಪತಿಯಲ್ಲಿ ಒಬ್ಬರೇ ಇಲ್ಲಿ ಕಾರಣ ಹೇಳದೆ ವಿಚ್ಛೇದನ ಪಡೆದು, ಇನ್ನೊಬ್ಬರು ಒಪ್ಪದಿದ್ದರೆ, ಅವರು ದುಬೈನಲ್ಲಿ ವಿಚ್ಛೇದಿತರೂ ದಾವಣಗೆರೆಯಲ್ಲಿ ವಿವಾಹಿತರೂ ಆಗಿ ಉಳಿಯುವ ಅಪಾಯವಿದೆ. ಮರುಮದುವೆಯ ಮಾತು ಬಂದಾಗ ಇದರ ನೋವನ್ನು ಹೆಚ್ಚು ಅನುಭವಿಸುವವಳು ಹೆಣ್ಣುಮಗಳು. ಆದ್ದರಿಂದ ಎರಡೂ ದೇಶಗಳ ಕಾನೂನು ಬಲ್ಲ ವಕೀಲರನ್ನು ಕೇಳದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಕರಾವಳಿಯ ಬ್ಯಾರಿ, ನವಾಯತ ಕುಟುಂಬಗಳೂ ಸೇರಿದಂತೆ ನಮ್ಮ ಮುಸ್ಲಿಂ ಬಾಂಧವರಿಗೆ ಸಾಮಾನ್ಯವಾಗಿ ಶರೀಅತ್ತನ್ನು ಆಧರಿಸಿದ ವೈಯಕ್ತಿಕ ಕಾನೂನು ಅನ್ವಯಿಸುತ್ತದೆ. 2005ರ ಕಾನೂನಿನ ಸ್ಥಾನದಲ್ಲಿ 2025ರ ಏಪ್ರಿಲ್ 15ರಿಂದ ಹೊಸದು ಜಾರಿಗೆ ಬಂದಿದೆ. ಹಿಂದೆ ತಾಯಿಯ ಪಾಲನೆಯ ಹಕ್ಕು ಗಂಡು ಮಗುವಿಗೆ 11, ಹೆಣ್ಣು ಮಗುವಿಗೆ 13 ವರ್ಷ ತುಂಬುವವರೆಗೆ ಎಂದಿತ್ತು. ಈಗ ಪಾಲನೆಯ ಅವಧಿ ಇಬ್ಬರಿಗೂ 18 ವರ್ಷದವರೆಗೆ ಇದೆ. ತಲಾಖ್ ಹೇಳಿದವರು ಅದನ್ನು 15 ದಿನಗಳೊಳಗೆ ನ್ಯಾಯಾಲಯದಲ್ಲಿ ದಾಖಲಿಸಬೇಕು. ಇಲ್ಲಿಂದ ಊರಿನಲ್ಲಿರುವ ಹೆಂಡತಿಗೆ ವಾಟ್ಸ್‌ಆ್ಯಪ್‌ನಲ್ಲಿ ಒಂದೇ ಬಾರಿಗೆ ಮೂರು ತಲಾಖ್ ಕಳುಹಿಸಿದರೆ ಭಾರತದ 2019ರ ಕಾಯ್ದೆಯ ಪ್ರಕಾರ ಅದು ಅಸಿಂಧು ಮಾತ್ರವಲ್ಲ, ಮೂರು ವರ್ಷದವರೆಗೆ ಸೆರೆಮನೆ ವಾಸ ವಿಧಿಸಬಹುದಾದ ಅಪರಾಧವೂ ಹೌದು. ಇನ್ನೂ ನಿಕಾಹ್ ಆಗದ ಹೆಣ್ಣುಮಕ್ಕಳ ತಂದೆ ತಾಯಿಯರಿಗೆ ಒಂದು ಮಾತು: ಓದು, ಉದ್ಯೋಗ ಮುಂದುವರಿಸುವುದೇ ಮುಂತಾದ ಷರತ್ತುಗಳನ್ನು ನಿಕಾಹ್ ಕರಾರಿನಲ್ಲಿ ಬರೆಸಲು ಅವಕಾಶವಿದೆ. ಮಹರ್‌ನ ಮೊತ್ತದ ಬಗ್ಗೆ ಚೌಕಾಸಿ ಮಾಡುವಷ್ಟು ಕಾಳಜಿಯನ್ನು ಈ ಷರತ್ತುಗಳ ಮೇಲೂ ಇಡಿ.

ಉಯಿಲಿನ ಮಾತನ್ನು ಅಪಶಕುನವೆಂದು ತಳ್ಳಿಹಾಕಬಾರದು. ಇಲ್ಲಿ ಖಾತೆದಾರ ತೀರಿಕೊಂಡ ಸುದ್ದಿ ತಿಳಿದೊಡನೆ ಬ್ಯಾಂಕು ಖಾತೆಯನ್ನು ಸ್ಥಗಿತಗೊಳಿಸುತ್ತದೆ, ನ್ಯಾಯಾಲಯದ ಆದೇಶ ಬರುವವರೆಗೆ ಹಣ ಕೈಗೆ ಸಿಗುವುದಿಲ್ಲ. ಹೆಂಡತಿಯ ಹೆಸರಿನಲ್ಲಿಯೂ ಒಂದು ಪ್ರತ್ಯೇಕ ಖಾತೆ ಇರಲಿ. ಉಯಿಲಿಲ್ಲದ ಮುಸ್ಲಿಮೇತರನ ಆಸ್ತಿಯಲ್ಲಿ ಅರ್ಧ ಬಾಳಸಂಗಾತಿಗೆ, ಉಳಿದರ್ಧ ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಸಮನಾಗಿ ಸೇರುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ತಾಯಿಗೂ ಇರುವ ಪಾಲು, ಮಕ್ಕಳಿದ್ದರೆ, ಇದರಲ್ಲಿಲ್ಲ. ಊರಿನಲ್ಲಿ ಮಗನನ್ನೇ ನಂಬಿರುವ ತಾಯಿಗೆ ಏನಾದರೂ ಸಿಗಬೇಕಾದರೆ ಉಯಿಲಿನಲ್ಲಿಯೇ ಬರೆಯಬೇಕು. ಶರೀಅತ್ತಿನ ಪ್ರಕಾರ ಮಕ್ಕಳಿರುವ ವಿಧವೆಗೆ ಎಂಟನೆಯ ಒಂದು ಪಾಲು, ಮಗಳಿಗೆ ಮಗನ ಅರ್ಧದಷ್ಟು. ಮುಸ್ಲಿಮೇತರರು ದುಬೈನ ಡಿಐಎಫ್‌ಸಿ (ದುಬೈ ಅಂತರರಾಷ್ಟ್ರೀಯ ಹಣಕಾಸು ಕೇಂದ್ರ) ನೋಂದಣಿ ಕಚೇರಿಯಲ್ಲಿ ಉಯಿಲು ನೋಂದಾಯಿಸಬಹುದು. ಚಿಕ್ಕ ಮಕ್ಕಳಿದ್ದರೆ ನಿಮ್ಮ ನಂತರ ಅವರನ್ನು ನೋಡಿಕೊಳ್ಳುವ ಪೋಷಕರ ಹೆಸರನ್ನೂ ಅದರಲ್ಲಿ ಸೂಚಿಸಿ.

ಪಾಸ್‌ಪೋರ್ಟ್ ನಿಮ್ಮದು, ಉದ್ಯೋಗದಾತರು ಅದನ್ನು ಇಟ್ಟುಕೊಳ್ಳುವಂತಿಲ್ಲ, ಗಂಡನ ಬೀಗದ ಪೆಟ್ಟಿಗೆಯಲ್ಲಿಯೂ ಅದು ಇರಬೇಕಾಗಿಲ್ಲ. "ವೀಸಾ ರದ್ದು ಮಾಡಿಸುತ್ತೇನೆ" ಎಂಬ ಬೆದರಿಕೆಗೆ ಹೆದರಿ ಹೊಡೆತವನ್ನು ಸಹಿಸಿಕೊಂಡ ಸಹೋದರಿಯರು ನಮ್ಮ ನಡುವೆಯೇ ಇದ್ದಾರೆಂಬುದು ನಮ್ಮನ್ನು ಬಹಳ ನೋಯಿಸಿದೆ. ಕೌಟುಂಬಿಕ ಹಿಂಸೆಯ ವಿರುದ್ಧ ಈ ದೇಶದಲ್ಲಿ 2019ರಿಂದಲೂ ಕಾನೂನಿದೆ, ರಕ್ಷಣಾ ಆದೇಶವನ್ನು ಕೋರಬಹುದು, ತುರ್ತು ಸಂದರ್ಭದಲ್ಲಿ 999ಕ್ಕೆ ಕರೆ ಮಾಡಬಹುದು. ವಿಧವೆಯರಿಗೂ ವಿಚ್ಛೇದಿತೆಯರಿಗೂ ವೀಸಾ ಪ್ರಾಯೋಜಕರಿಲ್ಲದೆಯೇ ಒಂದು ವರ್ಷ ವಾಸ ಮುಂದುವರಿಸುವ ವ್ಯವಸ್ಥೆಯನ್ನು 2018ರಲ್ಲಿ ತರಲಾಗಿದೆ. ಖಾಸಗಿ ಸಂಸ್ಥೆಯಲ್ಲಿ ದುಡಿಯುವವರಿಗೆ 60 ದಿನಗಳ ಹೆರಿಗೆ ರಜೆ ಇದ್ದು, 45 ದಿನ ಪೂರ್ಣ ಸಂಬಳ, 15 ದಿನ ಅರ್ಧ ಸಂಬಳ ಸಿಗುತ್ತದೆ.

ಇವೆಲ್ಲಕ್ಕೂ ಬೇಕಾದ ಮೂಲ ಕಾಗದ ಮದುವೆಯ ಪ್ರಮಾಣಪತ್ರ. ಕಲ್ಯಾಣ ಮಂಟಪದ ರಸೀದಿ, ಲಗ್ನಪತ್ರಿಕೆಗಳು ಇಲ್ಲಿ ಉಪಯೋಗಕ್ಕೆ ಬಾರವು. ಊರಿನಲ್ಲಿ ನೋಂದಣಿ ಮಾಡಿಸಿ, ರಾಜ್ಯ ಸರ್ಕಾರ, ಭಾರತದ ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿಗಳಲ್ಲಿ ದೃಢೀಕರಿಸಿ, ಇಲ್ಲಿನ ವಿದೇಶಾಂಗ ಸಚಿವಾಲಯದ ಮುದ್ರೆ ಹಾಕಿಸಿ, ಅರಬ್ಬಿ ಅನುವಾದ ಮಾಡಿಸಿಟ್ಟುಕೊಳ್ಳಿ. ನಮ್ಮ ಹೆಸರುಗಳ ಇನಿಷಿಯಲ್ ಒಂದು ಕಡೆ ಹಿಂದೆ, ಇನ್ನೊಂದು ಕಡೆ ಮುಂದೆ, ಮತ್ತೊಂದು ಕಡೆ ಬಿಡಿಸಿ ಬರೆದಿರುವುದರಿಂದ ಪಾಸ್‌ಪೋರ್ಟಿನಲ್ಲಿಯೂ ಪ್ರಮಾಣಪತ್ರದಲ್ಲಿಯೂ ಹೆಸರು ಅಕ್ಷರಶಃ ಒಂದೇ ಆಗಿದೆಯೇ ಎಂದು ದೃಢೀಕರಣಕ್ಕೆ ಕೊಡುವ ಮೊದಲೇ ನೋಡಿಕೊಳ್ಳಿ. ಒಂದು ಪ್ರತಿ ಹೆಂಡತಿಯ ಕೈಯಲ್ಲಿ, ಇನ್ನೊಂದು ಊರಿನಲ್ಲಿ ನಂಬಿಕೆಯವರ ಬಳಿ ಇರಲಿ.