ದೇವರಿದ್ದರೆ ಬರ ಯಾಕೆ? ಈ ಚರ್ಚೆ ನಡೆಸುವ ಬಗೆ

ಬಳ್ಳಾರಿ, ರಾಯಚೂರು ಕಡೆಯ ಕಾಲೇಜಿನಲ್ಲೋ ಗ್ರಂಥಾಲಯದಲ್ಲೋ ಕೆಡುಕಿನ ಸಮಸ್ಯೆಯ ಮೇಲೆ, ಅಂದರೆ ಒಳ್ಳೆಯ ದೇವರಿದ್ದರೆ ಲೋಕದಲ್ಲಿ ಕೆಡುಕು ಯಾಕೆ ಎಂಬ ಪ್ರಶ್ನೆಯ ಮೇಲೆ, ಚರ್ಚೆ ಇಟ್ಟರೆ ಅದು ಬೇಗನೆ ‘ದೇವರಿದ್ದಾನೋ ಇಲ್ಲವೋ’ ಎಂಬ ಜಗಳಕ್ಕೆ ಜಾರುತ್ತದೆ. ಯಾವ ಮಾತು ಯಾವುದಕ್ಕೆ ಉತ್ತರ ಎಂಬುದೇ ತಪ್ಪಿಹೋಗುತ್ತದೆ. ಹಾಗಾಗದಂತೆ ನಡೆಸಲು ಹತ್ತು ಹನ್ನೆರಡು ಜನ, ಒಂದು ಬೋರ್ಡು, ಒಂದೂವರೆ ಗಂಟೆ ಸಾಕು.

ಮೊದಲು ಬರೆಯಿರಿ: ದೇವರು ಸರ್ವಶಕ್ತ, ದೇವರು ಪೂರ್ಣ ಒಳ್ಳೆಯವನು, ಕೆಡುಕು ಇದೆ. ಬರೀ ಇಷ್ಟರಿಂದ ವಿರೋಧ ಹುಟ್ಟುವುದಿಲ್ಲ. ‘ಒಳ್ಳೆಯವನು ಕೈಲಾದಷ್ಟೂ ಕೆಡುಕನ್ನು ತಡೆಯುತ್ತಾನೆ’, ‘ಸರ್ವಶಕ್ತನಿಗೆ ಮಿತಿಯಿಲ್ಲ’ ಎಂಬ ಎರಡು ಕೊಂಡಿಗಳೂ ಬೇಕು. 1955ರಲ್ಲಿ ನಾಸ್ತಿಕ ತತ್ವಜ್ಞಾನಿ ಜೆ. ಎಲ್. ಮ್ಯಾಕಿ ಇವನ್ನು ಸೇರಿಸಿಯೇ ವಾದ ಕಟ್ಟಿದರು. ಆಸ್ತಿಕರು ಮುರಿಯಬೇಕಾದ್ದೂ ಇವನ್ನೇ.

ಆಮೇಲೆ ಒಂದೇ ಒಂದು ಉದಾಹರಣೆ. ಬಳ್ಳಾರಿಯನ್ನು ಹಿಂಡಿದ 1876–78ರ ಬರ ತೆಗೆದುಕೊಳ್ಳಿ. ಬೋರ್ಡಿನ ಎಡಕ್ಕೆ ಮಳೆ ಕೈಕೊಟ್ಟದ್ದು. ಬಲಕ್ಕೆ ಜನ ಹಸಿದಿರುವಾಗಲೂ ದೇಶದಿಂದ ಧಾನ್ಯ ರಫ್ತಾದದ್ದು, ಪರಿಹಾರ ಕಾಮಗಾರಿಯ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಒಂದು ಆಣೆ ಸಾಕೆಂದು ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ಕೂಲಿ ಇಳಿಸಿದ್ದು. ‘ಮನುಷ್ಯನಿಗೆ ಸ್ವಾತಂತ್ರ್ಯ ಕೊಟ್ಟಿದ್ದಾನೆ’ ಎಂಬ ಉತ್ತರ ಬಲಕ್ಕಷ್ಟೇ ಸಲ್ಲುತ್ತದೆ. ಎಡಗಡೆಯದಕ್ಕೂ ದುಷ್ಟ ಚೇತನಗಳ ಸ್ವಾತಂತ್ರ್ಯ ಕಾರಣವಿರಬಹುದು ಎಂದು ಈ ಸ್ವಾತಂತ್ರ್ಯದ ಉತ್ತರವನ್ನು ಸಮರ್ಥಿಸಿದ ತತ್ವಜ್ಞಾನಿ ಆಲ್ವಿನ್ ಪ್ಲಾಂಟಿಂಗ ಹೇಳುತ್ತಾರೆ. ತರ್ಕದ ವಿರೋಧ ತಪ್ಪಿಸಲು ಅಷ್ಟು ಸಾಕು. ಕೂತವರು ಒಪ್ಪುವುದು ಬೇರೆ ಮಾತು.

ಹೆಚ್ಚಿನ ಚರ್ಚೆಗಳು ಕೆಡುವುದು ಮುಂದಿನ ಹೆಜ್ಜೆಯಲ್ಲಿ. ಸ್ವಾತಂತ್ರ್ಯ ಅಂದರೇನು ಎಂದು ಕೇಳಿ, ಉತ್ತರವನ್ನು ಬರೆಸಿಕೊಳ್ಳಿ. ‘ಯಾರ ಒತ್ತಾಯವೂ ಇಲ್ಲದೆ ಬೇಕಾದ್ದನ್ನು ಮಾಡುವುದು’ ಎಂದರೆ ಅದು ನಿಯತಿವಾದದ (ನಡೆಯುವುದೆಲ್ಲ ಹಿಂದಿನ ಕಾರಣಗಳಿಂದಲೇ ನಿಶ್ಚಿತ ಎಂಬ ವಾದದ) ಜೊತೆಗೂ ಹೊಂದುತ್ತದೆ. ಆಗ ಮ್ಯಾಕಿಯ ಪ್ರಶ್ನೆ ಎದುರಾಗುತ್ತದೆ: ಸದಾ ಒಳ್ಳೆಯದನ್ನೇ ಬಯಸುವವರನ್ನು ದೇವರು ಯಾಕೆ ಸೃಷ್ಟಿಸಲಿಲ್ಲ? ‘ಅದೇ ಗಳಿಗೆಯಲ್ಲಿ ಬೇರೆಯದನ್ನೂ ಮಾಡಬಲ್ಲವನಾಗಿರುವುದು’ ಎಂದರೆ ಮಾತ್ರ ಪ್ಲಾಂಟಿಂಗರ ಉತ್ತರ ನಿಲ್ಲುತ್ತದೆ. ಅಲ್ಲಿ ನಿಯತಿವಾದಕ್ಕೆ ಜಾಗವಿಲ್ಲ. ಮಧ್ಯದಲ್ಲಿ ಯಾರಾದರೂ ಅರ್ಥ ಬದಲಾಯಿಸಿದರೆ ತಡೆದು ಬೋರ್ಡು ತೋರಿಸಿ.

ಯಾರೋ ‘ಎಲ್ಲಾ ಕರ್ಮ’ ಅಂದೇ ಅನ್ನುತ್ತಾರೆ. ತಳ್ಳಿಹಾಕಬೇಡಿ. ಬ್ರಹ್ಮಸೂತ್ರ 2.1.34 ದೇವರ ಮೇಲಿನ ಪಕ್ಷಪಾತ, ನಿರ್ದಯತೆಯ ಆರೋಪವನ್ನೇ ಎತ್ತಿಕೊಂಡು, ಫಲ ಅವರವರ ಕರ್ಮಕ್ಕೆ ತಕ್ಕಂತೆ ಎಂದು ಉತ್ತರಿಸುತ್ತದೆ. ಮುಂದಿನ ಸೂತ್ರ ಕರ್ಮ ಅನಾದಿ ಎನ್ನುತ್ತದೆ. ಹರಿಕಥಾಮೃತಸಾರದ ಜಗನ್ನಾಥದಾಸರ ಮಾನ್ವಿ ಸೀಮೆಯಲ್ಲಿ ದ್ವೈತ ಬಲ್ಲವರೂ ಸಿಗಬಹುದು: ಅವರಿಗೆ ಹರಿಯೊಬ್ಬನೇ ಸ್ವತಂತ್ರ, ಜೀವರ ಸ್ವಭಾವವೂ ಅನಾದಿ. ಅಂದರೆ ಚರ್ಚೆಯ ಆಧಾರವಾಕ್ಯಗಳೇ ಬೇರೆ. ಬೋರ್ಡಿನ ಇನ್ನೊಂದು ಬದಿಗೆ ಅವನ್ನು ಹೊಸದಾಗಿ ಬರೆಯಿರಿ. ಅಲ್ಲಿ ಕೇಳಬೇಕಾದ ಪ್ರಶ್ನೆ: ಪ್ರತಿ ಜನ್ಮದ ನೋವಿಗೆ ಹಿಂದಿನ ಜನ್ಮ ಕಾರಣವಾದರೆ, ಇಡೀ ಸರಪಳಿಗೆ ಕಾರಣ ಯಾವುದು?