ಒಂದೇ ಪಾತಿಯಲ್ಲಿ ಪಾಲಕ್ ಮತ್ತು ಕುಂಬಳ: ತಳಿಯ ಆಯ್ಕೆ ಮತ್ತು ಬೇಸಾಯ

ಪಾಲಕ್ ತಂಪು ಹವೆಯ ಬೆಳೆ. ಜುಕಿನಿಯಿಂದ ಸಿಹಿಗುಂಬಳದವರೆಗೆ ಕುಂಬಳದ ಬಳಗದವೆಲ್ಲ ಬೆಚ್ಚನೆಯ ಮಣ್ಣನ್ನು ಬೇಡುವ ಬೆಳೆಗಳು. ಈ ವ್ಯತ್ಯಾಸವನ್ನು ಗಮನದಲ್ಲಿಟ್ಟುಕೊಂಡು ತಳಿಗಳನ್ನು ಆರಿಸಿದರೆ, ಒಂದೇ ಪಾತಿಯಲ್ಲಿ ಮೊದಲು ಸೊಪ್ಪನ್ನೂ ಅದರ ಬೆನ್ನಿಗೇ ಕಾಯಿಯನ್ನೂ ಪಡೆಯಬಹುದು. ಆದ್ದರಿಂದ ಬೀಜದ ಪೊಟ್ಟಣವನ್ನು ಕೈಗೆತ್ತಿಕೊಂಡಾಗ ಅದರ ಮೇಲಿನ ಚಿತ್ರಕ್ಕಿಂತ ಮೊದಲು, ಕೊಯ್ಲಿಗೆ ಎಷ್ಟು ದಿನ ಬೇಕೆಂಬುದನ್ನು ಓದಬೇಕು.

ಪಾಲಕ್ ತಳಿಗಳಲ್ಲಿ ಮುಖ್ಯ ಭೇದ ಎಲೆಯದು. ಬ್ಲೂಮ್ಸ್‌ಡೇಲ್‌ನಂತಹ ಸುಕ್ಕೆಲೆಯ ತಳಿಗಳು ಚಳಿಯನ್ನು ಚೆನ್ನಾಗಿ ತಾಳುತ್ತವೆ, ಆದರೆ ಮಳೆಗೆ ಸಿಡಿದ ಮಣ್ಣು ಸುಕ್ಕುಗಳಲ್ಲಿ ಕೂತು ಸೊಪ್ಪು ತೊಳೆಯುವುದು ತ್ರಾಸವಾಗುತ್ತದೆ. ನುಣುಪೆಲೆಯವು ತೊಳೆಯಲು ಸುಲಭ, ಎಳೆಯದರಲ್ಲೇ ಕೊಯ್ಯಲೂ ಯೋಗ್ಯ. ಎರಡರ ನಡುವಿನ ಅರೆಸುಕ್ಕಿನ ತಳಿಗಳೇ ಮನೆಯ ತೋಟಕ್ಕೆ ಹೆಚ್ಚು ಹೊಂದುತ್ತವೆ ಎಂಬುದು ನನ್ನ ಅಭಿಪ್ರಾಯ.

ಮಣ್ಣಿನ ಉಷ್ಣತೆ 10ರಿಂದ 20 ಡಿಗ್ರಿ ಸೆಲ್ಸಿಯಸ್ ಇರುವಾಗ ಬೀಜವನ್ನು ಸುಮಾರು 1 ಸೆಂ.ಮೀ. ಆಳದಲ್ಲಿ ಬಿತ್ತಬೇಕು; 30 ಡಿಗ್ರಿ ದಾಟಿದರೆ ಮೊಳಕೆ ತೀರ ಕಡಿಮೆಯಾಗುತ್ತದೆ. ಹುಳಿ ಮಣ್ಣು ಪಾಲಕ್‌ಗೆ ಒಗ್ಗದು, ರಸಸಾರ 6.5ರಿಂದ 7ರೊಳಗಿದ್ದರೆ ಉತ್ತಮ. ಸಸಿಗಳ ನಡುವೆ 8ರಿಂದ 10 ಸೆಂ.ಮೀ. ಅಂತರ ಉಳಿಯುವಂತೆ ಹೆಚ್ಚಿನವನ್ನು ಕಿತ್ತು, ಸುಮಾರು 40 ದಿನಗಳ ನಂತರ ಹೊರಗಿನ ಎಲೆಗಳನ್ನು ಕೊಯ್ಯುತ್ತ ಹೋಗಬಹುದು. ಹಗಲು ಉದ್ದವಾಗಿ ಬಿಸಿಲೇರಿದಾಗ ಗಿಡ ಹೂದಂಟಿಗೆ ತಿರುಗುತ್ತದೆ. ಹೊಸ ಎಲೆಗಳು ಬಾಣದ ಮೊನೆಯಂತೆ ಚೂಪಾಗಿ, ನಡುವಿನಿಂದ ದಂಟು ಏಳತೊಡಗಿದರೆ ಎಷ್ಟು ನೀರುಣಿಸಿದರೂ ಅದು ಹಿಂದಿರುಗುವುದಿಲ್ಲ. ಎಲೆ ಕಹಿಯಾಗುವ ಮೊದಲೇ ಇಡೀ ಗಿಡವನ್ನು ಕೊಯ್ದು ಪಾತಿಯನ್ನು ತೆರವು ಮಾಡುವುದು ಲೇಸು.

ಅಷ್ಟರಲ್ಲಿ ಮಣ್ಣು 20 ಡಿಗ್ರಿಗೆ ಬಂದಿದ್ದರೆ ಕುಂಬಳದ ಸರದಿ. ಇಲ್ಲಿ ಎಳೆಯದಾಗಿ ತಿನ್ನುವ ಬಗೆಯೋ ಬಲಿಸಿ ಕಾಪಿಡುವ ಬಗೆಯೋ ಎಂಬುದನ್ನು ಮೊದಲು ನಿಶ್ಚಯಿಸಬೇಕು. ಜುಕಿನಿ ಮೊದಲ ಗುಂಪಿನದು; 50ರಿಂದ 60 ದಿನಗಳಲ್ಲಿ ಫಲಕ್ಕೆ ಬಂದು, ಪೊದೆಯಾಗಿ ಬೆಳೆಯುವುದರಿಂದ ಗಿಡಕ್ಕೆ ಸುಮಾರು 90 ಸೆಂ.ಮೀ. ಜಾಗ ಸಾಕು. ಬಟರ್‌ನಟ್, ಏಕಾರ್ನ್, ಹಬ್ಬಾರ್ಡ್ ಎರಡನೆಯ ಗುಂಪಿನವು. ಇವಕ್ಕೆ ಸುಮಾರು 80ರಿಂದ 120 ದಿನ ಬೇಕು, ಬಳ್ಳಿ ಹಬ್ಬಲು ಹೆಚ್ಚು ಸ್ಥಳವೂ ಬೇಕು. ಕಾಂಡಕೊರಕ ಹುಳುವಿನ ಕಾಟವಿರುವಲ್ಲಿ ಬಟರ್‌ನಟ್ ಆರಿಸುವುದು ಜಾಣತನ, ಏಕೆಂದರೆ ಅದರ ಗಟ್ಟಿ ಕಾಂಡದೊಳಗೆ ಆ ಹುಳು ಸುಲಭವಾಗಿ ನೆಲೆಸಲಾರದು.

ಬೀಜವನ್ನು 2ರಿಂದ 3 ಸೆಂ.ಮೀ. ಆಳದಲ್ಲಿ ಊರಿ, ಎಲೆ ತೋಯದಂತೆ ಬುಡಕ್ಕಷ್ಟೇ ನೀರು ಕೊಡಬೇಕು. ಮೊದಲು ಬರುವ ಹೂಗಳು ಹೆಚ್ಚಾಗಿ ಗಂಡುಹೂಗಳಾದ್ದರಿಂದ ಅವು ಉದುರಿದರೆ ಗಾಬರಿಪಡಬೇಕಿಲ್ಲ. ಹೆಣ್ಣುಹೂವಿನ ಬುಡದಲ್ಲಿ ಪುಟ್ಟ ಕಾಯಿ ಇರುತ್ತದೆ. ಅದು ಹಳದಿಯಾಗಿ ಕೊಳೆಯುತ್ತಿದ್ದರೆ ಹೆಚ್ಚಾಗಿ ಜೇನ್ನೊಣಗಳ ಕೊರತೆಯೇ ಕಾರಣ. ಬೆಳಿಗ್ಗೆ ಹೂ ಅರಳಿದ ಕೂಡಲೇ ಒಂದು ಗಂಡುಹೂ ಕಿತ್ತು, ದಳಗಳನ್ನು ಬಿಡಿಸಿ, ಪರಾಗವನ್ನು ಹೆಣ್ಣುಹೂವಿನ ನಡುಭಾಗಕ್ಕೆ ಮೃದುವಾಗಿ ಸವರಿದರೆ ಕಾಯಿ ನಿಲ್ಲುತ್ತದೆ.

ಜುಕಿನಿಯನ್ನು 15ರಿಂದ 20 ಸೆಂ.ಮೀ. ಉದ್ದವಿರುವಾಗಲೇ ಕೊಯ್ಯಬೇಕು; ಬಲಿಯಲು ಬಿಟ್ಟರೆ ಗಿಡ ಹೊಸ ಕಾಯಿ ಬಿಡುವುದು ಕುಗ್ಗುತ್ತದೆ. ಕಾಪಿಡುವ ಬಗೆಗಳನ್ನು ಮಾತ್ರ ಸಿಪ್ಪೆಯಲ್ಲಿ ಉಗುರು ಇಳಿಯದಷ್ಟು ಬಲಿತ ಮೇಲೆ, ಕೆಲವು ಸೆಂಟಿಮೀಟರ್ ತೊಟ್ಟು ಉಳಿಸಿ ಕತ್ತರಿಸಬೇಕು. ಬಟರ್‌ನಟ್ ಮತ್ತು ಹಬ್ಬಾರ್ಡ್ ಕಾಯಿಗಳನ್ನು ಸುಮಾರು 10 ದಿನ ಬೆಚ್ಚನೆಯ, ಗಾಳಿಯಾಡುವ ಜಾಗದಲ್ಲಿ ಒಣಗಿಸಿ, ನಂತರ 10ರಿಂದ 15 ಡಿಗ್ರಿಯ ಕೋಣೆಯಲ್ಲಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಏಕಾರ್ನ್ ಅಷ್ಟು ಕಾಲ ಬಾಳುವುದಿಲ್ಲವಾದ್ದರಿಂದ ಅದನ್ನೇ ಮೊದಲು ಅಡುಗೆಗೆ ಬಳಸಬೇಕು.