ಸಿಸ್ಲೆಯ ನದಿದಂಡೆಯ ಹಳ್ಳಿ: ನಾನು ನಕಲು ಮಾಡಿದ ಬಗೆ

ಇಂಪ್ರೆಷನಿಸ್ಟ್ ಚಿತ್ರಕಾರ ಆಲ್ಫ್ರೆಡ್ ಸಿಸ್ಲೆ 1872ರಲ್ಲಿ ಬಿಡಿಸಿದ, ಪ್ಯಾರಿಸ್ ಬಳಿಯ ವಿಲ್‌ನೆವ್-ಲಾ-ಗರೆನ್ ಹಳ್ಳಿಯ ಚಿತ್ರ ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟೇಜ್ ವಸ್ತುಸಂಗ್ರಹಾಲಯದಲ್ಲಿದೆ. ಮೂಲದ ಅಳತೆ 59×80.5 ಸೆಂ.ಮೀ.; ನಾನು ಹಿಡಿದದ್ದು ಹೆಚ್ಚುಕಡಿಮೆ ಅರ್ಧ, 30×40ರ ಕ್ಯಾನ್ವಾಸ್. ಈಚೆ ದಡದಲ್ಲಿ ಮರಗಳ ನೆರಳು, ನಡುವೆ ಸೇನ್ ನದಿ, ಆಚೆ ಬಿಸಿಲಲ್ಲಿ ಮನೆಗಳು. ಆ ಬಿಸಿಲು ಹೊಳೆಯುವುದು ಗೋಡೆಗೆ ಬಳಿದ ಬಣ್ಣದಿಂದಲ್ಲ, ಈಚೆಯ ನೆರಳಿನಿಂದ. ಹಾಗಾಗಿ ನೆರಳಿನಿಂದಲೇ ಶುರು ಮಾಡಿದೆ.

ಟರ್ಪೆಂಟೈನ್‌ನಲ್ಲಿ ತೆಳುಮಾಡಿದ ಯೆಲ್ಲೋ ಓಕರ್ (ಮಣ್ಣು ಹಳದಿ) ಎಣ್ಣೆಬಣ್ಣವನ್ನು ಇಡೀ ಕ್ಯಾನ್ವಾಸಿಗೆ ಬಳಿದು, ಬಟ್ಟೆಯಿಂದ ಒರೆಸಿ, ಒಣಗಲು ಬಿಟ್ಟೆ. ರೇಖೆಗಳಿಗೆ ಹಾಗೆಯೇ ತೆಳುಮಾಡಿದ ಅಲ್ಟ್ರಾಮರೀನ್ (ಕಡುನೀಲಿ) ಸಾಕು. ಆಚೆ ದಡಕ್ಕೆ ನೀರು ತಾಗುವ ಗೆರೆಯನ್ನು ಮಾತ್ರ ಸ್ಕೇಲ್ ಇಟ್ಟು ನೋಡಬೇಕು. ಕೂದಲೆಳೆಯಷ್ಟು ವಾಲಿದರೂ ನದಿ ಒಂದು ಕಡೆಗೆ ಜಾರುತ್ತದೆ.

ನೆರಳಿಗೆ ಕಪ್ಪು ಟ್ಯೂಬ್ ಮುಟ್ಟಲಿಲ್ಲ. ವಿರಿಡಿಯನ್ (ನೀಲಿ ಛಾಯೆಯ ಹಸಿರು), ಅಲಿಜರಿನ್ ಕ್ರಿಮ್ಸನ್ (ಕಡುಗೆಂಪು) ಹೆಚ್ಚುಕಡಿಮೆ ಸಮ ಬೆರೆಸಿ ಚೂರು ಅಲ್ಟ್ರಾಮರೀನ್ ಹಾಕಿದರೆ ಉಸಿರಾಡುವ ಕತ್ತಲೆ ಸಿಗುತ್ತದೆ. ಬಿಸಿಲಿನ ಗೋಡೆಗೆ ಟೈಟಾನಿಯಂ ಬಿಳಿ, ಚಿಟಿಕೆ ಓಕರ್; ಅದೇ ಮನೆಯ ನೆರಳಿನ ಮಗ್ಗುಲಿಗೆ ಬಿಳಿ, ಕೋಬಾಲ್ಟ್ ನೀಲಿ, ಅಲಿಜರಿನ್‌ನ ಒಂದು ಚುಕ್ಕೆ.

ಕಷ್ಟವೆಲ್ಲ ನೀರಿನದು. ಮೊದಲು ಪ್ರತಿಬಿಂಬವನ್ನು ಮೇಲಿನಿಂದ ನೇರ ಕೆಳಗೆ ಎಳೆದೆ, ಅದು ಹಸಿಯಿರುವಾಗಲೇ ಆಕಾಶದ ಬಣ್ಣದ ಅಡ್ಡ ಗೀರುಗಳಿಂದ ಮುರಿದೆ. ಗೀರುಗಳು ದೂರದಲ್ಲಿ ಸಣ್ಣ, ಒತ್ತೊತ್ತು. ಹತ್ತಿರ ಬಂದಂತೆ ಅಗಲ, ವಿರಳ. ಬಿಳಿ ಗೋಡೆಯ ಬಿಂಬ ಗೋಡೆಗಿಂತ ತುಸು ಮಬ್ಬು, ಕಡುಬಣ್ಣದ ಮರದ್ದು ಮರಕ್ಕಿಂತ ತುಸು ತಿಳಿ. ಗೋಡೆಯ ಬಣ್ಣವನ್ನೇ ಕೆಳಗೂ ಇಟ್ಟರೆ ನೀರಿನ ಜಾಗದಲ್ಲಿ ಇನ್ನೊಂದು ಮನೆ ನಿಲ್ಲುತ್ತದೆ!

ಇಲ್ಲಿಯೇ ಬಣ್ಣ ಕೆಸರಾಗುವುದು. ಕೆಳಗಿನ ಹಸಿ ಪದರ ಬ್ರಷ್‌ಗೆ ಅಂಟಿ ಮುಂದಿನ ಗೀರಿಗೆ ಬೆರೆಯುತ್ತದೆ. ಮೇಲಿನ ಬಣ್ಣ ಕೆಳಗಿನದಕ್ಕಿಂತ ದಪ್ಪವಿರಬೇಕು. 6ನೇ ನಂಬರಿನ ಚಪ್ಪಟೆ ಹಾಗ್ ಬ್ರಷ್ (ಹಂದಿಯ ಕೂದಲಿನದು) ಬಣ್ಣದಿಂದ ತುಂಬಿಸಿಕೊಂಡು ಒಮ್ಮೆ ಇಟ್ಟು ಎತ್ತಬೇಕು, ಬಟ್ಟೆಗೆ ಒರೆಸಬೇಕು. ತಿದ್ದಲು ಹೋದಷ್ಟೂ ಕೆಡುತ್ತದೆ. ಕೆಟ್ಟ ಜಾಗವನ್ನು ಪ್ಯಾಲೆಟ್ ನೈಫ್‌ನಿಂದ ಕೆರೆದು ತೆಗೆಯುವುದೇ ಲೇಸು.

ಮುಗಿದ ಮೇಲೆ ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆದು ನೋಡಿ. ಈಚೆ ದಡವೂ ನೀರೂ ಒಂದೇ ಬೂದಾಗಿ ಕಂಡರೆ ನೆರಳು ಸಾಲದು. ವಾರ್ನಿಷ್ ನಾನು ಹಚ್ಚಲಿಲ್ಲ: ಆ ಹೊಳಪು ನೆರಳಿನ ಭಾಗದಲ್ಲಿ ಕನ್ನಡಿಯಾಗುತ್ತದೆ. ಸಿಸ್ಲೆಯ ಸಮಕಾಲೀನ ಚಿತ್ರಕಾರ ಪಿಸಾರೊ ಕೂಡ ತನ್ನ ಚಿತ್ರಕ್ಕೆ ಅದು ಬೇಡವೆಂದು ಬರೆದಿಟ್ಟದ್ದುಂಟು.